ಎಸ್ಪೆರಾಂಟೊದ ‘ಚೆರ್ಕೊ’: ಶವಪೆಟ್ಟಿಗೆಗೆ ಈ ಹೆಸರು ಎಲ್ಲಿಂದ ಬಂತು?

ಪದಪಯಣಿಗ

ವೇದಿಕೆಯ ಎಲ್ಲರಿಗೂ ನಮಸ್ಕಾರ. ಕೆಲವು ತಿಂಗಳುಗಳಿಂದ ಎಸ್ಪೆರಾಂಟೊ ಎಂಬ ಕಟ್ಟಿದ ಭಾಷೆಯನ್ನು ಕಲಿಯುತ್ತಿದ್ದೇನೆ. ಹೊಸ ಪದ ಸಿಕ್ಕಾಗಲೆಲ್ಲ ಅದರ ಮೂಲವನ್ನು ನೋಟ್‌ಬುಕ್ಕಿನ ಬಲಬದಿಯಲ್ಲಿ ಬರೆದಿಟ್ಟುಕೊಳ್ಳುವುದು ನನ್ನ ರೂಢಿ. ಮೂಲ ತಿಳಿದ ಪದ ಬೇಗ ಮರೆತುಹೋಗುವುದಿಲ್ಲ. ಈ ವಾರ ಸಾವಿಗೆ ಸಂಬಂಧಿಸಿದ ಪದಗಳ ಸರದಿ ಬಂತು. ಸಾಯುವುದಕ್ಕೆ ‘ಮೊರ್ತಿ’, ಗೋರಿಗೆ ‘ತೊಂಬೊ’, ಹೆಣಕ್ಕೆ ‘ಕದಾವ್ರೊ’, ಶೋಕಾಚರಣೆಗೆ ‘ಫುನೆಬ್ರೊ’. ಇವು ಯಾವುವೂ ನನ್ನನ್ನು ಕಾಡಲಿಲ್ಲ, ಏಕೆಂದರೆ ಇವುಗಳ ಲ್ಯಾಟಿನ್ ಮತ್ತು ಫ್ರೆಂಚ್ ನಂಟು ಮೇಲುನೋಟಕ್ಕೇ ಕಾಣುತ್ತದೆ; ‘ಮೊರ್ತಿ’ಯನ್ನು ಕಂಡೊಡನೆ ನಮ್ಮ ಮೃತ್ಯು, ಮರಣಗಳೂ ನೆನಪಾಗುತ್ತವೆ. ಆದರೆ ಶವಪೆಟ್ಟಿಗೆಗೆ ಇರುವ ‘ಚೆರ್ಕೊ’ ಎಂಬ ಪದದ ಎದುರು ನನ್ನ ಬಲಬದಿಯ ಅಂಕಣ ಖಾಲಿ ಉಳಿದಿದೆ.

ನನಗೆ ಹೊಳೆದ ಊಹೆ ಇಷ್ಟು. ಚರ್ಚಿಗೆ ರಷ್ಯನ್ನಿನಲ್ಲಿ ‘ತ್ಸೆರ್ಕೊವ್’ ಎನ್ನುತ್ತಾರೆ, ಪೋಲಿಷ್ ಭಾಷೆಯಲ್ಲಿ ಆರ್ಥೊಡಾಕ್ಸ್ ಚರ್ಚಿಗೆ ‘ತ್ಸೆರ್ಕೆವ್’ ಎನ್ನುತ್ತಾರೆ. ಎಸ್ಪೆರಾಂಟೊವನ್ನು ರಚಿಸಿದ ಜಾಮೆನ್‌ಹಾಫ್ ಹುಟ್ಟಿದ್ದು 1859ರಲ್ಲಿ, ಆಗ ರಷ್ಯನ್ ಸಾಮ್ರಾಜ್ಯದಲ್ಲಿದ್ದ ಬಿಯಾಲಿಸ್ಟಾಕ್ ಪಟ್ಟಣದಲ್ಲಿ. ಎರಡೂ ಭಾಷೆಗಳು ಅವರ ಕಿವಿಗೆ ದಿನವೂ ಬೀಳುತ್ತಿದ್ದವು. ಶವವನ್ನು ಚರ್ಚಿನ ಅಂಗಳದಲ್ಲಿ ಹೂಳುವ ಪದ್ಧತಿಯಿಂದ ಚರ್ಚಿನ ಹೆಸರು ಪೆಟ್ಟಿಗೆಗೆ ಬಂದಿರಬಹುದೇ? ತಿಳಿದವರು ತಿದ್ದಬೇಕು.

ಹಸಿರುನಕ್ಷತ್ರ

ಪದಪಯಣಿಗರೇ, ನಿಮ್ಮ ಊಹೆ ಕೇಳಲು ಸೊಗಸಾಗಿದೆ, ಆದರೆ ನಿಲ್ಲುವುದಿಲ್ಲ. ಎಸ್ಪೆರಾಂಟೊ ಪದದ ಮೂಲವನ್ನು ಹುಡುಕುವವರಿಗೆ ಬೇರೆ ಭಾಷೆಗಳ ವಿದ್ವಾಂಸರಿಗೆ ಇಲ್ಲದ ಒಂದು ಅನುಕೂಲವಿದೆ. 1905ರಲ್ಲಿ ಪ್ರಕಟವಾಗಿ ಅದೇ ವರ್ಷ ಫ್ರಾನ್ಸಿನ ಬೂಲೋನ್‌ನಲ್ಲಿ ನಡೆದ ಎಸ್ಪೆರಾಂಟೊದ ಮೊದಲ ವಿಶ್ವ ಸಮ್ಮೇಳನದಲ್ಲಿ ಭಾಷೆಯ ಅಡಿಗಲ್ಲೆಂದು ಒಪ್ಪಿತವಾದ ‘ಫುಂದಮೆಂತೊ’ ಗ್ರಂಥದೊಳಗೆ ಒಂದು ನಿಘಂಟು ಇದೆ; ಅದು 1890ರ ದಶಕದಲ್ಲೇ ಬಿಡಿಯಾಗಿ ಬಂದಿತ್ತು. ಅದರಲ್ಲಿ ಪ್ರತಿಯೊಂದು ಧಾತುವಿನ ಮುಂದೆಯೂ ಫ್ರೆಂಚ್, ಇಂಗ್ಲಿಷ್, ಜರ್ಮನ್, ರಷ್ಯನ್, ಪೋಲಿಷ್ ಎಂಬ ಕ್ರಮದಲ್ಲಿ ಅರ್ಥಗಳನ್ನು ಕೊಟ್ಟಿದ್ದಾರೆ. ‘ಚೆರ್ಕ್’ ಧಾತುವಿನ ಮುಂದೆ ಫ್ರೆಂಚಿನಲ್ಲಿ ‘ಸೆರ್ಕೆಯ್’, ಇಂಗ್ಲಿಷಿನಲ್ಲಿ ‘ಕಾಫಿನ್’, ಜರ್ಮನ್ನಿನಲ್ಲಿ ‘ಜಾರ್ಗ್’, ರಷ್ಯನ್ನಿನಲ್ಲಿ ‘ಗ್ರೋಬ್’, ಪೋಲಿಷ್‌ನಲ್ಲಿ ‘ತ್ರುಮ್ನಾ’ ಎಂದಿದೆ. ಐದರಲ್ಲಿ ‘ಚೆರ್ಕ್’ ಧಾತುವಿಗೆ ಹತ್ತಿರ ಬರುವುದು ಮೊದಲನೆಯದು ಮಾತ್ರ. ಕೊನೆಯ ‘ಎಯ್’ ಭಾಗವನ್ನು ಕತ್ತರಿಸಿ, ಉಳಿದುದಕ್ಕೆ ನಾಮಪದದ ‘ಒ’ ಪ್ರತ್ಯಯ ಹಚ್ಚಿದರೆ ಕೈಗೆ ಬರುವುದು ನಮ್ಮ ಪದವೇ.

ಫ್ರೆಂಚಿನಲ್ಲಿ ಆ ಪದ ‘ಸ’ಕಾರದಿಂದ ಆರಂಭವಾಗುವಂತೆ ಕೇಳಿಸಿದರೂ ಅದನ್ನು ಬರೆಯುವುದು ‘ಸಿ’ ಅಕ್ಷರದಿಂದ. ಈ ಮಾತನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಪದಪಯಣಿಗ

ಒಪ್ಪಿದೆ. ಆದರೂ ಒಂದು ಕೊಸರು ಉಳಿಯಿತು. ಕಿವಿಗೆ ‘ಸ’, ಕಣ್ಣಿಗೆ ‘ಸಿ’. ಹಾಗಿದ್ದರೆ ‘ಚ’ ಎಲ್ಲಿಂದ ಬಂತು? ಎಸ್ಪೆರಾಂಟೊದಲ್ಲಿ ಬರಿಯ ‘ಸಿ’ ಅಕ್ಷರಕ್ಕೆ ‘ತ್ಸ’ ಎಂಬ ಉಚ್ಚಾರವಿದೆಯೇ ಹೊರತು ‘ಚ’ ಎಂದಲ್ಲ. ಕಣ್ಣಿನ ದಾರಿಯಲ್ಲಿ ಬಂದಿದ್ದರೆ ‘ತ್ಸೆರ್ಕೊ’ ಆಗಬೇಕಿತ್ತು, ಕಿವಿಯ ದಾರಿಯಲ್ಲಿ ಬಂದಿದ್ದರೆ ‘ಸೆರ್ಕೊ’ ಆಗಬೇಕಿತ್ತು.

ಗಡಿನಾಡಿನವ

ನಾನು ಎಸ್ಪೆರಾಂಟೊ ಬಲ್ಲವನಲ್ಲ, ಬೆಳಗಾವಿಯ ಕಡೆಯವನು. ಆದರೆ ಈ ‘ಚ’ ಮತ್ತು ‘ತ್ಸ’ಗಳ ಜಗಳ ನಮಗೆ ಚೆನ್ನಾಗಿ ಗೊತ್ತು. ಮರಾಠಿಯಲ್ಲಿ ನಾಲ್ಕು ಎನ್ನುವ ‘ಚಾರ್’ ಪದದ ಚಕಾರ ನಮ್ಮದರಂತೆಯೇ ಇದೆ, ಒಳ್ಳೆಯದು ಎನ್ನುವ ‘ತ್ಸಾಂಗಲಾ’ ಪದದಲ್ಲಿ ಅದೇ ಅಕ್ಷರ ‘ತ್ಸ’ ಆಗುತ್ತದೆ. ಬರೆಯುವಾಗ ಎರಡಕ್ಕೂ ಲಿಪಿ ಒಂದೇ. ಅಕ್ಷರ ಒಂದೇ ಇದ್ದು ನಾಲಗೆ ಎರಡಾದರೆ ಹೊರಗಿನವನು ಎಡವುವುದು ಸಹಜ. ಜಾಮೆನ್‌ಹಾಫ್ ಅವರು ಎಡವಿದರೋ, ಬೇಕೆಂದೇ ಹೆಜ್ಜೆ ತಪ್ಪಿಸಿದರೋ ಎಂಬುದನ್ನು ಬಲ್ಲವರು ಹೇಳಲಿ.

ಹಸಿರುನಕ್ಷತ್ರ

ಎಡವಿದ್ದಲ್ಲ ಎಂದೇ ನನ್ನ ಎಣಿಕೆ. ಎಸ್ಪೆರಾಂಟೊದಲ್ಲಿ ‘ಚ’ ಧ್ವನಿಗೆ ಬಳಸುವುದು ಟೋಪಿ ಹಾಕಿದ ‘ಸಿ’. ಟೋಪಿ ಎಂಬುದು ನನ್ನ ತಮಾಷೆಯಲ್ಲ, ಎಸ್ಪೆರಾಂಟೊ ಬಳಸುವವರೇ ಈ ಅಕ್ಷರಗಳನ್ನು ಟೋಪಿಯ ಅಕ್ಷರಗಳೆನ್ನುತ್ತಾರೆ. ಟೋಪಿಗೆ ಅವರ ಪದ ‘ಚಪೇಲೊ’ ಆಗಿದ್ದು, ಅದು ಕೂಡ ಟೋಪಿ ಹಾಕಿದ ‘ಸಿ’ಯಿಂದಲೇ ಆರಂಭವಾಗುತ್ತದೆ.

ಈಗ ಬೇರೆ ಪದಗಳನ್ನು ಜೊತೆಗಿಟ್ಟು ನೋಡಿ. ಆಕಾಶಕ್ಕೆ ‘ಚಿಯೇಲೊ’: ಫ್ರೆಂಚಿನಲ್ಲಿ ‘ಸಿಯೆಲ್’ ಎಂಬ ಸಕಾರ, ಇಟಾಲಿಯನ್ನಿನಲ್ಲಿ ‘ಚಿಯೆಲೊ’ ಎಂಬ ಚಕಾರ. ನಿಲ್ಲುವುದಕ್ಕೆ, ಅಂದರೆ ಮುಗಿದು ನಿಲ್ಲುವುದಕ್ಕೆ ‘ಚೇಸಿ’: ಫ್ರೆಂಚಿನಲ್ಲಿ ‘ಸೆಸೆ’, ಇಟಾಲಿಯನ್ನಿನಲ್ಲಿ ‘ಚೆಸ್ಸಾರೆ’. ಚೆರಿ ಹಣ್ಣಿಗೆ ‘ಚೆರೀಜೊ’: ಉಳಿದ ಮೈ ಫ್ರೆಂಚಿನ ‘ಸೆರೀಜ್’ ಪದದ್ದು, ಮುಖ ಮಾತ್ರ ಇಂಗ್ಲಿಷ್, ಇಟಾಲಿಯನ್, ರಷ್ಯನ್ ರೂಪಗಳ ಚಕಾರದ್ದು. ಸುತ್ತ ಎಂಬುದಕ್ಕೆ ‘ಚಿರ್ಕಾವ್’: ಲ್ಯಾಟಿನ್ನಿನ ‘ಕಿರ್ಕಾ’ ಪದವನ್ನು ಇಟಲಿಯವರು ಚಕಾರದಿಂದ ಓದುವಂತೆ. ಅಂದರೆ ‘ಎ’, ‘ಇ’ ಸ್ವರಗಳ ಹಿಂದೆ ಬರುವ ಲ್ಯಾಟಿನ್ ‘ಸಿ’ಯನ್ನು ಇಟಾಲಿಯನ್ ನಾಲಗೆಯಿಂದ ಓದುವ ಒಂದು ಪರಿಪಾಠ ಅವರಲ್ಲಿ ಇತ್ತು. ಹಾಗೆಂದು ಅದು ನಿಯಮವಲ್ಲ. ನೂರಕ್ಕೆ ‘ತ್ಸೆಂತ್’, ಖಚಿತ ಎಂಬುದಕ್ಕೆ ‘ತ್ಸೆರ್ತಾ’, ಮಿದುಳಿಗೆ ‘ತ್ಸೆರ್ಬೊ’, ನಿಂಬೆಗೆ ‘ತ್ಸಿತ್ರೋನೊ’ ಎಂದೇ ಇಟ್ಟುಕೊಂಡರು. ಎರಡು ಗುಂಪುಗಳಲ್ಲಿ ‘ಚೆರ್ಕೊ’ ಮೊದಲನೆಯದಕ್ಕೆ ಸೇರಿತು.

ಸಂಶಯಾತ್ಮ

ಹಸಿರುನಕ್ಷತ್ರರೇ, ಇಲ್ಲಿ ಒಂದು ಎಳೆ ತಪ್ಪಿದೆ. ಆಕಾಶ ಮತ್ತು ನಿಲ್ಲು ಎಂಬ ಪದಗಳಿಗೆ ಇಟಾಲಿಯನ್ನಿನಲ್ಲಿ ಚಕಾರದ ಜೊತೆಗಾರ ಇದ್ದಾನೆ. ಶವಪೆಟ್ಟಿಗೆಗೆ ಇಟಾಲಿಯನ್ನರು ಹೇಳುವುದು ‘ಬಾರಾ’ ಎಂದು. ಅದು ಜರ್ಮನಿಕ್ ಮೂಲದ ಪದ, ಹೊರುವ ಚಟ್ಟಕ್ಕೆ ಇಂಗ್ಲಿಷಿನಲ್ಲಿರುವ ‘ಬಿಯರ್’ ಎಂಬ ಪದದ ಬಂಧು. ಹಾಗಾದರೆ ‘ಚೆರ್ಕೊ’ ಪದದ ಚಕಾರಕ್ಕೆ ಇಟಲಿಯಲ್ಲಿ ಸಾಕ್ಷಿಯೇ ಇಲ್ಲ. ನೀವು ಹೇಳುವ ಪರಿಪಾಠವನ್ನು ಅದು ಹುಟ್ಟಿದ ನೆಲದಿಂದ ಕಿತ್ತು ಬರಿಯ ಫ್ರೆಂಚ್ ಪದವೊಂದಕ್ಕೆ ಅಂಟಿಸಿದಂತಾಯಿತು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಗೆ ನಾವೆಲ್ಲ ಸೇರಬಾರದಷ್ಟೆ.

ಹಸಿರುನಕ್ಷತ್ರ

ಆಕ್ಷೇಪ ಸರಿಯಾಗಿದೆ, ಸ್ವೀಕರಿಸುತ್ತೇನೆ. ಆದರೆ ಉಳಿದ ದಾರಿಗಳು ಎಷ್ಟು ಮುಚ್ಚಿದ್ದವು ಎಂಬುದನ್ನೂ ನೋಡಬೇಕು. ಹೊಸ ಭಾಷೆ ಕಟ್ಟುವವನ ಮುಂದೆ ಪದವೊಂದು ಒಂಟಿಯಾಗಿ ಬಂದು ನಿಲ್ಲುವುದಿಲ್ಲ. ಅಕ್ಕಪಕ್ಕದ ಪದಗಳ ನಡುವೆ ಅದಕ್ಕೆ ಜಾಗ ಹುಡುಕಬೇಕಾಗುತ್ತದೆ. ಜರ್ಮನ್ನಿನ ‘ಜಾರ್ಗ್’ ಮತ್ತು ಗ್ರೀಕ್ ಮೂಲದ ‘ಸಾರ್ಕೊಫಾಗೊ’ ಎರಡಕ್ಕೂ ಹತ್ತಿರವಾಗುವಂತೆ ‘ಸಾರ್ಕೊ’ ಎಂದು ಇಡಬಹುದಿತ್ತಲ್ಲ ಎಂದು ನಾನೂ ಹಿಂದೆ ಯೋಚಿಸಿದ್ದೆ. ಆದರೆ ‘ಸಾರ್ಕಿ’ ಎಂದರೆ ಎಸ್ಪೆರಾಂಟೊದಲ್ಲಿ ಹೊಲದ ಕಳೆ ಕೀಳುವುದು. ಫ್ರೆಂಚಿನ ‘ಸಾರ್ಕ್ಲೆ’ ಅದಕ್ಕೆ ಮೂಲ. ಆ ಧಾತುವಿನಿಂದ ‘ಸಾರ್ಕೊ’ ಎಂಬ ನಾಮಪದ ಮಾಡಿದರೆ ಅದಕ್ಕೆ ಕಳೆ ಕೀಳುವ ಕೆಲಸ ಎಂಬ ಅರ್ಥ ಬರುತ್ತದೆ. ಶವಪೆಟ್ಟಿಗೆ ಅಲ್ಲಿ ಕೂರುವಂತಿಲ್ಲ.

ಇಂಗ್ಲಿಷಿನ ‘ಕಾಫಿನ್’ ಕೂಡ ಕಷ್ಟವೇ. ಬುಟ್ಟಿ ಎಂಬ ಅರ್ಥದ ಗ್ರೀಕ್ ‘ಕೊಫಿನೊಸ್’ ಅದರ ಮೂಲ. ಅದೇ ಮೂಲದಿಂದ ಫ್ರೆಂಚಿನ ‘ಕೊಫ್ರ್’ ಹುಟ್ಟಿ, ಎಸ್ಪೆರಾಂಟೊಗೆ ‘ಕೊಫ್ರೊ’ ಆಗಿ, ಪ್ರಯಾಣದ ಟ್ರಂಕಿನ ಅರ್ಥದಲ್ಲಿ ಬಂದು ಕುಳಿತಿದೆ. ಟ್ರಂಕು ಮತ್ತು ಶವಪೆಟ್ಟಿಗೆಗಳ ನಡುವೆ ಒಂದೆರಡು ಧ್ವನಿಗಳಷ್ಟೇ ಅಂತರವಿರುವ ಭಾಷೆಯಲ್ಲಿ ರೈಲ್ವೆ ಸ್ಟೇಷನ್ನಿನಲ್ಲಿ ಕೂಲಿಯವನನ್ನು ಕರೆಯುವುದಕ್ಕೇ ಹೆದರಿಕೆಯಾಗುತ್ತಿತ್ತು.

ಪದಪಯಣಿಗ

ಹಾಗಾದರೆ ‘ತ್ಸೆರ್ಕೊ’ ಏಕಾಗಲಿಲ್ಲ ಎಂಬುದಕ್ಕೆ ನನ್ನ ಚರ್ಚಿನ ಊಹೆಯೇ ಹಿಂಬಾಗಿಲಿನಿಂದ ಒಳಗೆ ಬರಬಹುದೇನೋ! ಮೂಲವಾಗಿ ಅಲ್ಲ, ಅಡ್ಡಿಯಾಗಿ. ರಷ್ಯನ್ ಮತ್ತು ಪೋಲಿಷ್ ಬಲ್ಲವರ ಕಿವಿಗೆ ‘ತ್ಸೆರ್ಕೊ’ ಎಂದೊಡನೆ ಚರ್ಚು ನೆನಪಾಗುತ್ತದೆ. ಎಸ್ಪೆರಾಂಟೊದ ಮೊದಲ ಪುಸ್ತಕ 1887ರಲ್ಲಿ ವಾರ್ಸಾದಲ್ಲಿ ಹೊರಬಂದದ್ದು ರಷ್ಯನ್ ಭಾಷೆಯಲ್ಲಿ. ಮೊದಲ ಓದುಗರಲ್ಲಿ ಬಹುಪಾಲು ಆ ಸಾಮ್ರಾಜ್ಯದವರೇ. ಚರ್ಚನ್ನು ನೆನಪಿಸುವ ಪದವನ್ನು ಹೆಣದ ಪೆಟ್ಟಿಗೆಗೆ ಇಟ್ಟರೆ ಅವರಿಗೆ ಮುಜುಗರವಾಗದೆ ಇರುತ್ತಿತ್ತೇ?

ಸಂಶಯಾತ್ಮ

ಆಗಬಹುದಿತ್ತು, ಆಗದೆಯೂ ಇರಬಹುದಿತ್ತು. ಎಸ್ಪೆರಾಂಟೊದಲ್ಲಿ ಚರ್ಚಿಗೆ ಪದ ‘ಪ್ರೆಜೇಯೊ’, ಪ್ರಾರ್ಥಿಸುವ ಸ್ಥಳ ಎಂದು. ಭಾಷೆಯ ಒಳಗೆ ಯಾವ ಗೊಂದಲವೂ ಇಲ್ಲ. ಹೊರಗಿನ ಭಾಷೆಯ ಪ್ರತಿಧ್ವನಿಗೆಲ್ಲ ಹೆದರಿದ್ದರೆ ಅವರು ಒಂದು ನೂರು ಧಾತುಗಳನ್ನೂ ಆರಿಸಲಾಗುತ್ತಿರಲಿಲ್ಲ. ಇದನ್ನು ಊಹೆ ಎಂದೇ ಬರೆದಿಡಿ.

ಪದಪಯಣಿಗ

ಬರೆದಿಡುತ್ತೇನೆ, ಪೆನ್ಸಿಲಿನಲ್ಲಿ.

ನುಡಿಮೇಷ್ಟ್ರು

ಚರ್ಚೆಯನ್ನು ಮೊದಲಿನಿಂದ ಓದಿದೆ. ಹಸಿರುನಕ್ಷತ್ರರು ನಿಘಂಟಿನಿಂದ ಎತ್ತಿ ಕೊಟ್ಟ ಸಾಲಿನಲ್ಲಿ ಎಲ್ಲರ ಕಣ್ಣೂ ಫ್ರೆಂಚಿನ ಮೇಲೆ ನೆಟ್ಟಿದ್ದರಿಂದ ನಾಲ್ಕನೆಯ ಅಂಕಣವನ್ನು ಯಾರೂ ನೋಡಲಿಲ್ಲ. ರಷ್ಯನ್ನಿನಲ್ಲಿ ಶವಪೆಟ್ಟಿಗೆ ಎಂದರೆ ‘ಗ್ರೋಬ್’. ಈಗ ಅದೇ ನಿಘಂಟಿನ ‘ತೊಂಬ್’ ಧಾತುವನ್ನು ತೆರೆದು ಐದನೆಯ ಅಂಕಣ ನೋಡಿ. ಅಲ್ಲಿ ಪೋಲಿಷ್ ಅರ್ಥವಾಗಿ ‘ಗ್ರೂಬ್’ ಎಂದಿದೆ. ಎರಡೂ ಒಂದೇ ಸ್ಲಾವಿಕ್ ಪದ; ರಷ್ಯನ್ನರಿಗೆ ಅದು ಪೆಟ್ಟಿಗೆ, ಪೋಲಿಷರಿಗೆ ಅದು ಗೋರಿ. ಜರ್ಮನ್ನಿನ ‘ಗ್ರಾಬ್’, ಇಂಗ್ಲಿಷಿನ ‘ಗ್ರೇವ್’ ಪದಗಳೂ ಅದರ ಬಂಧುಗಳೇ, ಅವು ಗೋರಿಯ ಕಡೆಗಿವೆ. ಅಗೆಯುವುದು, ಕೆರೆಯುವುದು ಎಂಬ ಅರ್ಥದ ಧಾತುವಿನಿಂದ ಈ ಎಲ್ಲವೂ ಬಂದಿವೆ.

ಅಂದರೆ ಜಾಮೆನ್‌ಹಾಫ್ ಅವರ ಮನೆಬಾಗಿಲಿನಲ್ಲೇ, ನಾಲ್ಕು ಭಾಷೆಗಳಿಗೆ ಸಲ್ಲುವ ಒಂದು ಧಾತು ಬಿದ್ದಿತ್ತು. ಬೇರೆ ಸಂದರ್ಭದಲ್ಲಾದರೆ ಇಷ್ಟು ಜನರಿಗೆ ಪರಿಚಿತವಾದ ಪದವನ್ನು ಬಿಡುವವರಲ್ಲ. ಆದರೆ ವಾರ್ಸಾದ ಒಂದೇ ಬೀದಿಯಲ್ಲಿ ರಷ್ಯನ್ ಅಧಿಕಾರಿಯೂ ಪೋಲಿಷ್ ಅಂಗಡಿಯವನೂ ಅದನ್ನು ಕೇಳಿದರೆ, ಒಬ್ಬನಿಗೆ ಮರದ ಪೆಟ್ಟಿಗೆ ಕಾಣುತ್ತದೆ, ಇನ್ನೊಬ್ಬನಿಗೆ ಮಣ್ಣಿನ ಗುಂಡಿ ಕಾಣುತ್ತದೆ. ತಪ್ಪು ತಿಳಿವಳಿಕೆಯೇ ಜಗಳಕ್ಕೆ ಮೂಲವೆಂದು ನಂಬಿ ಭಾಷೆ ಕಟ್ಟಲು ಹೊರಟವರು ಅಂಥ ಪದವನ್ನು ಮುಟ್ಟಲಾರರು. ಗೋರಿಗೂ ಪೆಟ್ಟಿಗೆಗೂ ಎರಡಕ್ಕೂ ಫ್ರೆಂಚಿನ ಕಡೆಗೆ, ‘ತೊಂಬ್’ ಮತ್ತು ‘ಸೆರ್ಕೆಯ್’ ಪದಗಳ ಕಡೆಗೆ ಅವರು ಹೋದದ್ದರ ಹಿಂದೆ ಈ ತೊಡಕು ಇದ್ದಿರಬೇಕೆಂದು ನನ್ನ ಅನುಮಾನ. ಅವರ ಕೈಬರಹದ ಸಾಕ್ಷ್ಯ ನನ್ನಲ್ಲಿಲ್ಲ, ಆದರೆ ಎರಡು ಅಂಕಣಗಳು ಅಚ್ಚಾಗಿ ಕಣ್ಣಮುಂದೆ ಇವೆ.

ಹಸಿರುನಕ್ಷತ್ರ

ಮೇಷ್ಟ್ರೇ, ಇದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಆ ನಿಘಂಟನ್ನು ಸಾಲುಸಾಲಾಗಿ ಅಡ್ಡಡ್ಡ ಓದಿದ್ದೇನೆಯೇ ಹೊರತು ಒಂದು ಸಾಲಿನಿಂದ ಇನ್ನೊಂದಕ್ಕೆ ಓರೆಯಾಗಿ ಓದಿರಲಿಲ್ಲ.

ಡೆಲ್ಫ್ಟ್ ಕನ್ನಡತಿ

ನೆದರ್ಲೆಂಡ್ಸ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಸಮಾಧಿಯ ಮೇಲೆ ಹಾಸುವ ಕಲ್ಲಿಗೆ ‘ಜೆರ್ಕ್’ ಎನ್ನುತ್ತಾರೆ. ಹಳೆಯ ಚರ್ಚುಗಳ ನೆಲದಲ್ಲೆಲ್ಲ ಅಂಥ ಕಲ್ಲುಗಳಿವೆ, ಅವುಗಳ ಮೇಲೆಯೇ ನಡೆದಾಡಬೇಕು. ಶೀರ್ಷಿಕೆಯಲ್ಲಿ ‘ಚೆರ್ಕೊ’ ಎಂದು ಕಂಡಾಗ ಮೊದಲು ನೆನಪಾದದ್ದು ಅದೇ. ಈ ಡಚ್ ಪದಕ್ಕೂ ಎಸ್ಪೆರಾಂಟೊ ಪದಕ್ಕೂ ನೇರ ನಂಟಿದೆಯೇ? ಶವಪೆಟ್ಟಿಗೆಗೆ ಮಾತ್ರ ಡಚ್ಚರು ‘ಕಿಸ್ಟ್’ ಎನ್ನುತ್ತಾರೆ, ಅಂದರೆ ಪೆಟ್ಟಿಗೆ ಎಂದಷ್ಟೆ.

ನುಡಿಮೇಷ್ಟ್ರು

ನೇರ ನಂಟಲ್ಲ ತಾಯಿ, ದಾಯಾದಿ ನಂಟು. ನೀವು ಕೇಳಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಫ್ರೆಂಚಿಗಿಂತ ಹಿಂದಕ್ಕೆ ಹೋಗುವುದನ್ನೇ ನಾವು ಮರೆಯುತ್ತಿದ್ದೆವು.

ಫ್ರೆಂಚಿನ ‘ಸೆರ್ಕೆಯ್’, ಜರ್ಮನ್ನಿನ ‘ಜಾರ್ಗ್’, ಡಚ್ಚಿನ ‘ಜೆರ್ಕ್’ ಮೂರೂ ಒಂದೇ ಬಳ್ಳಿಯ ಕುಡಿಗಳು. ಬೇರು ಗ್ರೀಕ್ ಭಾಷೆಯ ‘ಸರ್ಕೊಫಾಗೊಸ್’. ‘ಸರ್ಕ್ಸ್’, ಸಮಾಸದಲ್ಲಿ ‘ಸರ್ಕೊ’, ಎಂದರೆ ಮಾಂಸ. ‘ಫಾಗ್’ ಎಂದರೆ ತಿನ್ನು. ಮಾಂಸಭಕ್ಷಕ ಎಂಬುದು ಪದದ ಅರ್ಥ. ಮೊದಲಿಗೆ ಇದು ಪೆಟ್ಟಿಗೆಯ ಹೆಸರಾಗಿರಲಿಲ್ಲ, ಕಲ್ಲಿನ ಹೆಸರಾಗಿತ್ತು. ಈಗಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿ, ಪುರಾತನ ಟ್ರಾಯ್ ನಾಡಿನ ದಕ್ಷಿಣಕ್ಕೆ ಅಸ್ಸೊಸ್ ಎಂಬ ಊರಿದೆ. ಅಲ್ಲಿ ತೆಗೆಯುವ ಒಂದು ಬಗೆಯ ಕಲ್ಲಿನೊಳಗೆ ಇಟ್ಟ ಶವ 40 ದಿನಗಳಲ್ಲಿ ಹಲ್ಲುಗಳನ್ನು ಮಾತ್ರ ಬಿಟ್ಟು ಪೂರ್ತಿಯಾಗಿ ಕರಗಿಹೋಗುತ್ತದೆಂದು ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮನ್ ಲೇಖಕ ಪ್ಲಿನಿ ತನ್ನ ಪ್ರಕೃತಿ ವಿಶ್ವಕೋಶದ 36ನೆಯ ಸಂಪುಟದಲ್ಲಿ ಬರೆದಿದ್ದಾನೆ. ಆ ಕಲ್ಲಿನ ಹೆಸರು ಕ್ರಮೇಣ ಕಲ್ಲಿನ ಶವಪೆಟ್ಟಿಗೆಗೆ ಬಂತು, ಬಳಿಕ ಮರದ ಪೆಟ್ಟಿಗೆಗೂ ಇಳಿಯಿತು, ಡಚ್ಚರಲ್ಲಿ ಮತ್ತೆ ಹಾಸುಗಲ್ಲಿಗೇ ಮರಳಿತು.

ರೂಪದ ಪಯಣ ಇನ್ನೂ ಸ್ವಾರಸ್ಯದ್ದು. ಜನರ ಬಾಯಲ್ಲಿ ಪದ ಸವೆಯುತ್ತ ಹಳೆಯ ಫ್ರೆಂಚಿನಲ್ಲಿ ‘ಸಾರ್ಕು’, ‘ಸಾರ್ಕ್ಯೂ’ ಎಂಬ ರೂಪಗಳಾದವು. ಆಗಿನ್ನೂ ಅದನ್ನು ‘ಎಸ್’ ಅಕ್ಷರದಿಂದಲೇ ಬರೆಯುತ್ತಿದ್ದರು. ಮುಂದೆ ಒಳಗಿನ ಆಕಾರ ಎಕಾರವಾಯಿತು, ಬರವಣಿಗೆಯಲ್ಲಿ ‘ಎಸ್’ ಹೋಗಿ ‘ಸಿ’ ಬಂತು. ಅಂದರೆ ನೀವೆಲ್ಲ ಇಷ್ಟು ಹೊತ್ತು ಯಾವ ‘ಸಿ’ಯ ಬೆನ್ನುಹತ್ತಿದ್ದಿರೋ ಅದು ಹುಟ್ಟಾ ‘ಸಿ’ಯೇ ಅಲ್ಲ, ವೇಷ ಹಾಕಿದ ‘ಎಸ್’. ಆ ವೇಷಕ್ಕೆ ಜಾಮೆನ್‌ಹಾಫ್ ಟೋಪಿಯನ್ನೂ ತೊಡಿಸಿದರು. ಗ್ರೀಕರ ಸಕಾರ ಫ್ರೆಂಚರ ಕಾಗುಣಿತದ ಮೂಲಕ ಚಕಾರವಾದ ಬಗೆ ಇದು. ಆಕಾಶದ ‘ಚಿಯೇಲೊ’ ಪದಕ್ಕಾದರೂ ಲ್ಯಾಟಿನ್ನಿನಲ್ಲಿ ನಿಜವಾದ ‘ಸಿ’ ಇತ್ತು, ಇದಕ್ಕೆ ಅದೂ ಇಲ್ಲ. ಹೀಗಾಗಿ ಇಟಲಿಯಲ್ಲಿ ಸಾಕ್ಷಿ ಇಲ್ಲವೆಂದ ಸಂಶಯಾತ್ಮರ ಮಾತು ಇನ್ನೂ ಗಟ್ಟಿಯಾಯಿತು.

ಗಡಿನಾಡಿನವ

ಮೇಷ್ಟ್ರು ಹೇಳಿದ್ದನ್ನು ಕೇಳಿದರೆ ಒಂದು ವಿಚಿತ್ರ ಕಾಣುತ್ತದೆ. ‘ಸರ್ಕೊ’ ಎಂದರೆ ಮಾಂಸ, ‘ಫಾಗೊಸ್’ ಎಂದರೆ ತಿನ್ನುವುದು. ಸವೆದು ಸವೆದು ‘ಚೆರ್ಕ್’ ಧಾತುವಿನಲ್ಲಿ ಉಳಿದದ್ದು ಮೊದಲ ಅರ್ಧ ಮಾತ್ರ. ತಿನ್ನುವವನು ಮಾಯವಾಗಿ ತಿನ್ನಿಸಿಕೊಳ್ಳುವ ಮಾಂಸವೇ ಪೆಟ್ಟಿಗೆಯ ಹೆಸರಾಗಿ ನಿಂತಿದೆ!

ನುಡಿಮೇಷ್ಟ್ರು

ಹೌದು, ಭಕ್ಷಕನೇ ಭಕ್ಷ್ಯವಾದ. ಈ ಮಾತನ್ನು ಶ್ಲೇಷೆಗಾಗಿ ಹೇಳಲಿಲ್ಲ. ಗ್ರೀಕಿನ ‘ಫಾಗ್’ ಧಾತುವಿಗೆ ಮೂಲದಲ್ಲಿ ಹಂಚಿಕೊಳ್ಳು, ಪಾಲು ಪಡೆ ಎಂಬ ಅರ್ಥವಿದ್ದು, ಸಂಸ್ಕೃತದ ‘ಭಜ್’ ಧಾತು ಅದರ ಸೋದರ. ನಾವು ದಿನನಿತ್ಯ ಬಳಸುವ ಭಾಗ, ವಿಭಾಗ ಪದಗಳೂ ಮದುವೆಯೂಟದ ಭಕ್ಷ್ಯವೂ ಆ ಕುಟುಂಬದವು. ಹಾಗಾಗಿ ‘ಸರ್ಕೊಫಾಗೊಸ್’ ಪದದ ಉತ್ತರಾರ್ಧ ಕನ್ನಡಿಗರಿಗೆ ತೀರ ಅಪರಿಚಿತವಲ್ಲ.

ಹೋಲಿಕೆಗಾಗಿ ಇನ್ನೊಂದು ಮಾತು. ವೈದಿಕ ಸಂಸ್ಕೃತದಲ್ಲಿ ‘ಕ್ರವ್ಯಾದ’ ಎಂಬ ಪದವಿದೆ. ಕ್ರವ್ಯ ಎಂದರೆ ಹಸಿ ಮಾಂಸ, ಅದನ್ನು ತಿನ್ನುವವನು ಕ್ರವ್ಯಾದ. ಋಗ್ವೇದದ ಹತ್ತನೆಯ ಮಂಡಲದ ಅಂತ್ಯಸಂಸ್ಕಾರ ಸೂಕ್ತದಲ್ಲಿ ಈ ಹೆಸರು ಸಲ್ಲುವುದು ಚಿತಾಗ್ನಿಗೆ. ಸಮಾಸದ ಅರ್ಥ ಎರಡು ಕಡೆಯೂ ಒಂದೇ, ಆದರೆ ಹೂಳುವವರು ಅದನ್ನು ಕಲ್ಲಿಗೆ ಇಟ್ಟರು, ಸುಡುವವರು ಬೆಂಕಿಗೆ ಇಟ್ಟರು. ಇದು ಪದಸಂಬಂಧವಲ್ಲ, ಕಲ್ಪನೆಯ ಸಂಬಂಧ ಮಾತ್ರ. ನೋಟ್‌ಬುಕ್ಕಿನ ಬಲಬದಿಗೆ ಇದನ್ನು ಸೇರಿಸಬೇಡಿ.

ಸಂಶಯಾತ್ಮ

ಮೇಷ್ಟ್ರು ಆ ಕೊನೆಯ ಎಚ್ಚರಿಕೆ ಹೇಳದಿದ್ದರೆ ನಾನೇ ಹೇಳಬೇಕೆಂದಿದ್ದೆ. ಕಟ್ಟಿದ ಭಾಷೆಯಲ್ಲಿ ಮೂಲ ಎಂಬ ಮಾತಿಗೆ ಎರಡು ಪದರಗಳಿವೆ. 1880ರ ದಶಕದಲ್ಲಿ ಜಾಮೆನ್‌ಹಾಫ್ ಎಂಬ ಒಬ್ಬ ಕಣ್ಣಿನ ವೈದ್ಯ ತನ್ನ ಮೇಜಿನ ಮೇಲೆ ಯಾವ ಪದವನ್ನು ನೋಡಿ ಯಾವುದನ್ನು ಕತ್ತರಿಸಿದ ಎಂಬುದು ಮೊದಲನೆಯದು. ಆ ಪದ ಅಲ್ಲಿಗೆ ಬರುವ ಮುನ್ನ ಸಾವಿರಾರು ವರ್ಷ ಎಲ್ಲೆಲ್ಲಿ ಅಲೆದಿತ್ತು ಎಂಬುದು ಎರಡನೆಯದು. ‘ಚೆರ್ಕೊ’ ಎಂದರೆ ಮಾಂಸ ಎನ್ನುವುದು ಎರಡನೆಯ ಪದರದ ಮಾತು. ಜಾಮೆನ್‌ಹಾಫ್ ಅವರು ಹಾಗೆಂದುಕೊಂಡು ಆರಿಸಿದರು ಎಂದು ಯಾರೂ ಬರೆದುಕೊಳ್ಳಬಾರದು.

ಹಸಿರುನಕ್ಷತ್ರ

ಪದರಗಳ ಮಾತನ್ನು ಒಪ್ಪುತ್ತೇನೆ. ಆದರೆ ಅವರು ವಾರ್ಸಾದ ಶಾಲೆಯಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಕಲಿತಿದ್ದರು ಎಂಬುದನ್ನೂ ಜೊತೆಗೆ ಇಟ್ಟುಕೊಳ್ಳೋಣ. ಫ್ರೆಂಚ್ ಮತ್ತು ಜರ್ಮನ್ ಪದಗಳ ಹಿಂದಿನ ನೆಂಟಸ್ತಿಕೆ ಅವರಿಗೆ ಕಾಣಿಸದೆ ಇರಲಾರದು. ಎರಡು ದೊಡ್ಡ ಭಾಷೆಗಳಿಗೆ ಒಂದೇ ಬೇರು ಇದೆಯೆಂಬುದು ಆಯ್ಕೆಗೆ ಬಲ ಕೊಟ್ಟಿರಬಹುದು. ಇಂದಿನ ಎಸ್ಪೆರಾಂಟೊದಲ್ಲಿ ಅಖಂಡ ರೂಪದ ‘ಸಾರ್ಕೊಫಾಗೊ’ ಕೂಡ ಇದೆ, ಮ್ಯೂಸಿಯಮ್ಮಿನ ಕಲ್ಲುಪೆಟ್ಟಿಗೆಗೆ ಅದನ್ನೇ ಹೇಳುತ್ತೇವೆ. ಮಾಂಸದ ಗಂಟಿಗೆ ‘ಸಾರ್ಕೋಮೊ’, ಮಾಂಸ ಹರಿದಂತೆ ಚುಚ್ಚುವ ಮಾತಿಗೆ ‘ಸಾರ್ಕಾಸ್ಮೊ’. ಈ ಮೂವರೂ ಮನೆತನದ ಹೆಸರು ಉಳಿಸಿಕೊಂಡ ಅಣ್ಣಂದಿರು. ‘ಚೆರ್ಕೊ’ ಮಾತ್ರ ದತ್ತು ಹೋಗಿ ಹೆಸರು ಬದಲಿಸಿಕೊಂಡ ತಮ್ಮ.

ಡೆಲ್ಫ್ಟ್ ಕನ್ನಡತಿಯವರು ‘ಕಿಸ್ಟ್’ ಎಂದದ್ದರಿಂದ ಇನ್ನೊಂದು ವಿಷಯ ನೆನಪಾಯಿತು. ಲ್ಯಾಟಿನ್ನಿನ ‘ಕಿಸ್ತಾ’ದಿಂದ ಬಂದ ಆ ಪದದ ಬಂಧು ಎಸ್ಪೆರಾಂಟೊದಲ್ಲಿ ‘ಕೆಸ್ತೊ’ ಆಗಿದೆ, ಸಾಮಾನ್ಯ ಪೆಟ್ಟಿಗೆ ಎಂಬ ಅರ್ಥದಲ್ಲಿ. ಹೀಬ್ರೂವಿನ ‘ಅರೋನ್’ ಎಂಬ ಒಂದೇ ಪದ ಹಳೆಯ ಒಡಂಬಡಿಕೆಯಲ್ಲಿ ಎರಡು ಕಡೆ ಎರಡು ವಸ್ತುಗಳಿಗೆ ಸಲ್ಲುತ್ತದೆ: ಈಜಿಪ್ಟಿನಲ್ಲಿ ಸತ್ತ ಯೋಸೇಫನನ್ನು ಇಟ್ಟ ಶವಪೆಟ್ಟಿಗೆಗೆ ಒಮ್ಮೆ, ಕನ್ನಡ ಬೈಬಲ್ಲಿನಲ್ಲಿ ಮಂಜೂಷ ಎಂದು ಕರೆಯುವ ಪವಿತ್ರ ಪೆಟ್ಟಿಗೆಗೆ ಇನ್ನೊಮ್ಮೆ. ಆ ಗ್ರಂಥವನ್ನು ಹೀಬ್ರೂವಿನಿಂದ ಸ್ವತಃ ಅನುವಾದಿಸಿದ ಜಾಮೆನ್‌ಹಾಫ್ ಯೋಸೇಫನಿಗೆ ‘ಚೆರ್ಕೊ’ ಎಂದೂ ಆ ಪವಿತ್ರ ಪೆಟ್ಟಿಗೆಗೆ ‘ಕೆಸ್ತೊ’ ಎಂದೂ ಬೇರೆ ಮಾಡಿದರು. ‘ಗ್ರೋಬ್’ ಪದದ ವಿಷಯದಲ್ಲಿ ಮೇಷ್ಟ್ರು ಹೇಳಿದ ಎಚ್ಚರವೇ ಇಲ್ಲೂ ಕಾಣುತ್ತದೆ: ಒಂದು ಹೆಸರು, ಒಂದು ವಸ್ತು.

ಗಡಿನಾಡಿನವ

ಒಂದೇ ಪದ ಎರಡು ಪೆಟ್ಟಿಗೆಗೆ ಎಂದಿರಲ್ಲ, ನಮ್ಮ ಕಡೆ ಮೊಹರಂನಲ್ಲಿ ಹೊರುವ ‘ತಾಬೂತು’ ಹಾಗೆಯೇ. ಅರಬ್ಬಿಯಲ್ಲಿ ‘ತಾಬೂತ್’ ಎಂದರೆ ಶವಪೆಟ್ಟಿಗೆಯೂ ಹೌದು, ಆ ಪವಿತ್ರ ಪೆಟ್ಟಿಗೆಯೂ ಹೌದೆಂದು ನಮ್ಮ ಊರಿನ ಹಿರಿಯರೊಬ್ಬರು ಹೇಳುತ್ತಿದ್ದರು.

ನುಡಿಮೇಷ್ಟ್ರು

ಸರಿಯಾಗಿಯೇ ಹೇಳಿದ್ದಾರೆ. ಅದೇ ಅರಬ್ಬಿ ಪದ ಪಶ್ಚಿಮಕ್ಕೆ ಹೋಗಿ ಸ್ಪ್ಯಾನಿಷ್‌ನಲ್ಲಿ ‘ಅತಾವುದ್’ ಎಂದು ಶವಪೆಟ್ಟಿಗೆಯ ಹೆಸರಾಯಿತು, ಪೂರ್ವಕ್ಕೆ ಬಂದು ಉತ್ತರ ಕರ್ನಾಟಕದ ಬೀದಿಗಳಲ್ಲಿ ತಾಬೂತು ಆಯಿತು. ನಾವು ಗೋರಿ ಎನ್ನುವುದೂ ಪಾರಸಿಯ ‘ಗೋರ್’ ಪದದಿಂದಲೇ. ಸುಡುಗಾಡಿಗೆ ನಮ್ಮದೇ ಪದವಿದೆ, ಹೂಳುವ ಸಲಕರಣೆಗಳಿಗೆ ಹಲವೆಡೆ ಎರವಲು.

ಪದಪಯಣಿಗ

ಎಲ್ಲರಿಗೂ ಕೃತಜ್ಞತೆಗಳು. ಬಲಬದಿಯ ಅಂಕಣದಲ್ಲಿ ಹೀಗೆ ಬರೆದಿದ್ದೇನೆ: ‘ಫ್ರೆಂಚ್ ಸೆರ್ಕೆಯ್, ಹಿಂದೆ ಗ್ರೀಕ್ ಸರ್ಕೊಫಾಗೊಸ್, ಚಕಾರ ಜಾಮೆನ್‌ಹಾಫ್ ಅವರದೇ.’ ಚರ್ಚಿನ ವಿಷಯ ಪೆನ್ಸಿಲಿನಲ್ಲಿ ಉಳಿದಿದೆ. ಕೊನೆಯದಾಗಿ ಒಂದು ಸಣ್ಣ ಪ್ರಶ್ನೆ. ನಮ್ಮ ಅಜ್ಜನ ಅಂತ್ಯಕ್ರಿಯೆಯ ಬಗ್ಗೆ ಎಸ್ಪೆರಾಂಟೊದಲ್ಲಿ ಒಂದು ಪುಟ ಬರೆಯುವ ಪ್ರಯತ್ನದಲ್ಲಿದ್ದೇನೆ. ಅಲ್ಲಿ ಪೆಟ್ಟಿಗೆ ಇರಲಿಲ್ಲ, ಚಟ್ಟ ಇತ್ತು. ಚಟ್ಟಕ್ಕೆ ‘ಚೆರ್ಕೊ’ ಎಂದು ಬರೆದರೆ ನಡೆಯುತ್ತದೆಯೇ?

ಹಸಿರುನಕ್ಷತ್ರ

ನಡೆಯುವುದಿಲ್ಲ. ಓದುವವರಿಗೆ ಮುಚ್ಚಳವಿರುವ ಪೆಟ್ಟಿಗೆಯೇ ಕಾಣುತ್ತದೆ. ಹೊರು ಎಂಬ ಅರ್ಥದ ‘ಪೊರ್ತ್’ ಧಾತುವಿಗೆ ಸಾಧನವನ್ನು ಸೂಚಿಸುವ ‘ಇಲ್’ ಪ್ರತ್ಯಯ ಸೇರಿಸಿ ‘ಪೊರ್ತೀಲೊ’ ಎನ್ನಿ. ಆಸ್ಪತ್ರೆಯ ಸ್ಟ್ರೆಚರಿಗೂ ಅದೇ ಪದ ಇರುವುದರಿಂದ ಮೊದಲ ಸಲ ಬರೆಯುವಾಗ ‘ಬಿದಿರಿನ’ ಎಂಬ ವಿಶೇಷಣ ಸೇರಿಸಿ, ‘ಬಂಬೂವಾ ಪೊರ್ತೀಲೊ’ ಎಂದು.

ಗಡಿನಾಡಿನವ

ನಾಲ್ಕು ಜನ ಹೊತ್ತರು ಎಂಬುದನ್ನೂ ಬರೆಯಿರಿ. ಆಗ ಸ್ಟ್ರೆಚರ್ ಎಂದು ಯಾರೂ ತಿಳಿಯುವುದಿಲ್ಲ.